ನಗರಾಡಳಿತದಲ್ಲಿ ಹೊಸ ಪ್ರಯೋಗಗಳು ನೆಲೆಯೂರುವಂತೆ ಮಾಡುವುದು ಹೇಗೆ?

ತುಮಕೂರಿನ ವಾರ್ಡ್‌ಗಳ ಮಾಜಿ ಸದಸ್ಯರು, ಪಾಲಿಕೆಯ ಕಿರಿಯ ಅಭಿಯಂತರರು, ನಿವೃತ್ತಿಯ ನಂತರ ಬಡಾವಣೆಯ ಸಂಘ ನೋಡಿಕೊಳ್ಳುತ್ತಿರುವ ಹಿರಿಯರು, ಎಲ್ಲರೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇದ್ದಾರೆ. ಆಸಕ್ತಿಯುಳ್ಳ ಆಯುಕ್ತರೊಬ್ಬರು ಬಂದರೆ ಏನಾದರೊಂದು ಹೊಸತು ಶುರುವಾಗುತ್ತದೆ, ಅವರಿಗೆ ವರ್ಗವಾದ ಕೆಲವೇ ತಿಂಗಳಲ್ಲಿ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುತ್ತದೆ. ಹೀಗಾಗದಂತೆ ತಡೆಯುವ ದಾರಿ ಇದೆಯೇ ಎಂಬುದು ಆ ಪ್ರಶ್ನೆ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಗರಸಭೆಗಳ ಬಗ್ಗೆಯೂ ಇದನ್ನೇ ಕೇಳುವವರಿದ್ದಾರೆ. ದಾರಿ ಇದೆ, ಆದರೆ ಅದು ಆಯುಕ್ತರ ಕೋಣೆಗಿಂತ ಹೆಚ್ಚಾಗಿ ಕಡತ, ನಡಾವಳಿ ಮತ್ತು ಬಜೆಟ್ ಪುಸ್ತಕದ ಮೂಲಕ ಹಾದುಹೋಗುತ್ತದೆ. ಅದನ್ನು ಹಂತ ಹಂತವಾಗಿ ವಿವರಿಸುವುದು ಈ ಬರಹದ ಉದ್ದೇಶ.

ಮೊದಲಿಗೆ ಪದದ ಅರ್ಥವನ್ನು ಖಚಿತಪಡಿಸಿಕೊಳ್ಳೋಣ. 'ನಾವೀನ್ಯ ಸಾಮರ್ಥ್ಯ' ಎಂದ ಕೂಡಲೇ ಹಲವರಿಗೆ ಆ್ಯಪ್, ಕ್ಯಾಮೆರಾ, ದೊಡ್ಡ ಪರದೆಯ ನಿಯಂತ್ರಣ ಕೊಠಡಿ ನೆನಪಾಗುತ್ತವೆ. ಇಲ್ಲಿ ಆ ಮಾತನ್ನು ಬಳಸಿರುವುದು ಒಂದು ಅಭ್ಯಾಸವನ್ನು ಸೂಚಿಸಲು: ಸ್ಥಳೀಯ ಸಂಸ್ಥೆಯು ತನ್ನ ಸೇವೆಯ ದೋಷವನ್ನು ತಾನೇ ಗುರುತಿಸಿ, ಪರಿಹಾರವೊಂದನ್ನು ಚಿಕ್ಕ ಪ್ರಮಾಣದಲ್ಲಿ ಪರೀಕ್ಷಿಸಿ, ಫಲವನ್ನು ಅಳೆದು, ಫಲಿಸಿದ್ದನ್ನು ನಿಯಮವಾಗಿಸುವ ಮತ್ತು ಫಲಿಸದ್ದನ್ನು ಸಂಕೋಚವಿಲ್ಲದೆ ಕೈಬಿಡುವ ಅಭ್ಯಾಸ. ಸ್ಮಾರ್ಟ್ ಸಿಟಿ ಯೋಜನೆಗೆ ತುಮಕೂರು 2016ರ ಸೆಪ್ಟೆಂಬರ್‌ನಲ್ಲಿ ಆಯ್ಕೆಯಾಯಿತು. ಕೇಂದ್ರದ ಆ ಅಭಿಯಾನ 2025ರ ಮಾರ್ಚ್ 31ಕ್ಕೆ ಮುಗಿಯಿತು. ಅದರ ಕಾಮಗಾರಿಗಳನ್ನು ನಡೆಸಿದ್ದು ರಾಜ್ಯ ಸರ್ಕಾರ ಮತ್ತು ಪಾಲಿಕೆ ಸಮಪಾಲು ಹೊಂದಿರುವ ಪ್ರತ್ಯೇಕ ಕಂಪನಿ, ಅಂದರೆ ಆಡಳಿತದ ಭಾಷೆಯಲ್ಲಿ 'ಎಸ್‌ಪಿವಿ'. ಇಂಥ ವ್ಯವಸ್ಥೆಯಲ್ಲಿ ರಸ್ತೆ, ಉದ್ಯಾನ, ನಿಯಂತ್ರಣ ಕೇಂದ್ರಗಳು ನಗರಕ್ಕೆ ದಕ್ಕುತ್ತವೆ. ಅವುಗಳನ್ನು ರೂಪಿಸಲು ಬೇಕಾದ ತಿಳಿವಳಿಕೆ ಪಾಲಿಕೆಯ ಕಾಯಂ ಸಿಬ್ಬಂದಿಗೆ ದಕ್ಕಿತೇ ಎಂಬುದನ್ನು ಬೇರೆಯಾಗಿಯೇ ಕೇಳಿಕೊಳ್ಳಬೇಕಾಗುತ್ತದೆ.

ಹಂತ 1: ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಅರಿತುಕೊಳ್ಳಿ

ತುಮಕೂರು ಮಹಾನಗರ ಪಾಲಿಕೆ ನಡೆಯುವುದು ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯ್ದೆ 1976ರ ಅಡಿ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಗರಸಭೆಗಳು ಕರ್ನಾಟಕ ಮುನಿಸಿಪಾಲಿಟಿಗಳ ಕಾಯ್ದೆ 1964ರ ಅಡಿ. ಪಾಲಿಕೆಯಲ್ಲಿ ಆಯುಕ್ತರು, ನಗರಸಭೆಯಲ್ಲಿ ಪೌರಾಯುಕ್ತರು ಕಾರ್ಯಾಂಗದ ಮುಖ್ಯಸ್ಥರು. ನೀತಿ ಮತ್ತು ಹಣದ ವಿಷಯಗಳು ಸಾಮಾನ್ಯ ಸಭೆಯ ಮುಂದೆ ಬರಬೇಕು; ಪಾಲಿಕೆಯಲ್ಲಾದರೆ ಅದಕ್ಕೂ ಮುಂಚೆ ತೆರಿಗೆ ಮತ್ತು ಹಣಕಾಸು, ಸಾರ್ವಜನಿಕ ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಎಂಬ ನಾಲ್ಕು ಸ್ಥಾಯಿ ಸಮಿತಿಗಳಲ್ಲಿ ಸಂಬಂಧಪಟ್ಟ ಒಂದರಲ್ಲಿ ಚರ್ಚೆಯಾಗುವುದು ಕ್ರಮ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಆ ಅಧಿಕಾರವನ್ನು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಚಲಾಯಿಸುತ್ತಾರೆ.

ಈ ವಿವರವನ್ನು ಮೊದಲಿಗೇ ಹೇಳಲು ಕಾರಣವಿದೆ. ಹೊರದೇಶದ ಉದಾಹರಣೆಗಳನ್ನು ಓದಿದವರು ಮೇಯರ್ ಕಚೇರಿಯಲ್ಲೇ ನಾವೀನ್ಯ ತಂಡ ಕಟ್ಟಬೇಕೆಂದು ಸೂಚಿಸುತ್ತಾರೆ. ಅಮೆರಿಕದ ಬಾಸ್ಟನ್ ನಗರ 2010ರಲ್ಲಿ 'ನ್ಯೂ ಅರ್ಬನ್ ಮೆಕ್ಯಾನಿಕ್ಸ್' ಎಂಬ ಸಣ್ಣ ತಂಡವನ್ನು ಮಾಡಿದ್ದು ಹೀಗೆಯೇ. ಆದರೆ ಅಲ್ಲಿಯ ಮೇಯರ್‌ಗೆ ನಾಲ್ಕು ವರ್ಷದ ಅವಧಿಯೂ ಕಾರ್ಯಾಂಗದ ಪೂರ್ಣ ಅಧಿಕಾರವೂ ಇದೆ. ನಮ್ಮ ಪಾಲಿಕೆಗಳಲ್ಲಿ ಮೀಸಲಾತಿ ಸರದಿಯಂತೆ ಮೇಯರ್ ವರ್ಷಕ್ಕೊಬ್ಬರು ಬದಲಾಗುವುದೇ ನಡೆದುಬಂದ ಪದ್ಧತಿ; ನಗರಸಭೆ ಅಧ್ಯಕ್ಷರ ಅವಧಿ 30 ತಿಂಗಳು. ಆದ್ದರಿಂದ ತಂಡವನ್ನು ಯಾವುದೇ ಒಬ್ಬ ವ್ಯಕ್ತಿಯ ಆಪ್ತ ವಲಯಕ್ಕೆ ಅಂಟಿಸದೆ, ಆಯುಕ್ತರ ಕಚೇರಿ ಆದೇಶ ಮತ್ತು ಸಭೆಯ ನಿರ್ಣಯ ಎಂಬ ಎರಡು ಕಾಲುಗಳ ಮೇಲೆ ನಿಲ್ಲಿಸುವುದು ಲೇಸು.

ಹಂತ 2: ಒಂದೇ ತೊಂದರೆಯನ್ನು ಆರಿಸಿಕೊಳ್ಳಿ

'ನಗರದ ನೀರಿನ ಸಮಸ್ಯೆ' ಎಂಬುದು ಪ್ರಯೋಗಕ್ಕೆ ಒದಗುವ ವಿಷಯವಲ್ಲ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಎಷ್ಟು ಬರುತ್ತದೆ ಎಂಬುದಾಗಲಿ, ಜಕ್ಕಲಮಡುಗು ಜಲಾಶಯದಲ್ಲಿ ಚಿಕ್ಕಬಳ್ಳಾಪುರ ಮತ್ತು ದೊಡ್ಡಬಳ್ಳಾಪುರಗಳ ಪಾಲು ಎಷ್ಟು ಎಂಬುದಾಗಲಿ ನಿಮ್ಮ ಕಚೇರಿಯ ಒಳಗೆ ತೀರ್ಮಾನವಾಗುವುದಿಲ್ಲ. ಆದರೆ 'ನಮ್ಮ ವಾರ್ಡಿಗೆ ನೀರು ಬಿಡುವ ದಿನ ಮತ್ತು ಹೊತ್ತು ಮನೆಯವರಿಗೆ ಮೊದಲೇ ಗೊತ್ತಾಗುವುದಿಲ್ಲ' ಎಂಬ ತೊಂದರೆಗೆ ಪರಿಹಾರ ಪೂರ್ತಿಯಾಗಿ ನಿಮ್ಮ ಕೈಯಲ್ಲೇ ಇದೆ. ಆಸ್ತಿ ತೆರಿಗೆಯನ್ನು ಏಪ್ರಿಲ್ ಒಳಗೆ ಕಟ್ಟಿದರೆ ಸಿಗುವ ಶೇ 5ರ ರಿಯಾಯಿತಿಯ ಮಾಹಿತಿ ಮನೆಮನೆಗೆ ತಲುಪದಿರುವುದು, ಅಂಗಡಿ ಬೀದಿಯ ಕಸ ಬೆಳಗಿನ ಆಟೊ ಟಿಪ್ಪರ್ ಬಂದುಹೋದ ಮೇಲೆ ಹೊರಗೆ ಬರುವುದು, ಖಾತೆ ಅರ್ಜಿಯಲ್ಲಿ ಒಂದೇ ಬಗೆಯ ದಾಖಲೆ ಮತ್ತೆ ಮತ್ತೆ ಬಿಟ್ಟುಹೋಗಿ ಅರ್ಜಿ ಹಿಂತಿರುಗುವುದು, ಇವೆಲ್ಲ ಮೊದಲ ಪ್ರಯೋಗಕ್ಕೆ ಯೋಗ್ಯವಾದ ಗಾತ್ರದವು.

ಆರಿಸುವಾಗ ಮೂರು ಪ್ರಶ್ನೆ ಕೇಳಿ: ಇದರ ಅಧಿಕಾರ ನಮ್ಮ ಸಂಸ್ಥೆಯಲ್ಲೇ ಇದೆಯೇ, ಆರು ತಿಂಗಳೊಳಗೆ ವ್ಯತ್ಯಾಸ ಕಾಣಬಹುದೇ, ಆ ವ್ಯತ್ಯಾಸವನ್ನು ಎಣಿಸಬಹುದೇ. ಮೂರಕ್ಕೂ ಹೌದು ಎನ್ನಲಾಗದ ವಿಷಯವನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಹಂತ 3: ತಂಡವನ್ನು ಆದೇಶದ ಮೂಲಕ ರಚಿಸಿ

ಐದಾರು ಜನ ಸಾಕು. ವಿಷಯ ನೀರಿನದಾದರೆ ಒಬ್ಬ ಕಿರಿಯ ಅಭಿಯಂತರರು, ಕಂದಾಯ ಶಾಖೆಯಿಂದ ಒಬ್ಬರು, ಲೆಕ್ಕ ಶಾಖೆಯಿಂದ ಒಬ್ಬರು, ಕಂಪ್ಯೂಟರ್ ಕೆಲಸ ಬಲ್ಲ ದ್ವಿತೀಯ ದರ್ಜೆ ಸಹಾಯಕರೊಬ್ಬರು ಮತ್ತು ತಪ್ಪದೆ, ಬೀದಿಯಲ್ಲಿ ಕೆಲಸ ಮಾಡುವ ಇಬ್ಬರು: ವಾಲ್ವ್‌ಮನ್, ಪೌರಕಾರ್ಮಿಕರ ಮೇಸ್ತ್ರಿ ಅಥವಾ ಬಿಲ್ ಕಲೆಕ್ಟರ್. ಲೆಕ್ಕ ಶಾಖೆಯವರನ್ನು ಕೊನೆಗೆ ಕರೆದರಾಯಿತು ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಮೊದಲ ದಿನದಿಂದ ಜೊತೆಗಿದ್ದವರು ನಿಯಮದೊಳಗಿನ ದಾರಿಯನ್ನು ಹುಡುಕಿಕೊಡುತ್ತಾರೆ, ಕೊನೆಗೆ ಕಡತ ಕಂಡವರು ಆಕ್ಷೇಪಣೆಯನ್ನು ಬರೆಯುತ್ತಾರೆ. ಇದು ಅವರ ಸ್ವಭಾವದ ದೋಷವಲ್ಲ, ಅವರಿಗೆ ವಹಿಸಿರುವ ಕೆಲಸವೇ ಅದು.

ಕಚೇರಿ ಆದೇಶದಲ್ಲಿ ಸದಸ್ಯರನ್ನು ಹೆಸರಿನ ಬದಲು ಹುದ್ದೆಯಿಂದ ಗುರುತಿಸಿರಬೇಕು. ವಾರಕ್ಕೆ ಎಷ್ಟು ಗಂಟೆ ಈ ಕೆಲಸಕ್ಕೆ ಮೀಸಲು ಎಂಬುದೂ ಬರೆದಿರಬೇಕು. ಇಲ್ಲದಿದ್ದರೆ ಚುನಾವಣಾ ಕರ್ತವ್ಯ, ಸಮೀಕ್ಷೆ, ಜಯಂತಿಗಳ ತಯಾರಿಯ ನಡುವೆ ತಂಡ ಸಭೆ ಸೇರುವುದೇ ನಿಂತುಹೋಗುತ್ತದೆ. ಸಿಬ್ಬಂದಿ ಕೊರತೆ ನಿಜವಾದ ತೊಡಕು. ಅದಕ್ಕೆ ಭಾಗಶಃ ಪರಿಹಾರವಾಗಿ, ಪದವೀಧರರು ನಗರ ಸ್ಥಳೀಯ ಸಂಸ್ಥೆಗಳಲ್ಲಿ ತರಬೇತಿ ಪಡೆಯಲೆಂದು ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ಆರಂಭಿಸಿದ 'ಟ್ಯುಲಿಪ್' ಯೋಜನೆಯನ್ನು ನೆನಪಿನಲ್ಲಿಟ್ಟುಕೊಳ್ಳಬಹುದು. ತುಮಕೂರಿನಲ್ಲಿ ಸಿದ್ಧಗಂಗಾ ಮತ್ತು ಸಿದ್ಧಾರ್ಥ ತಾಂತ್ರಿಕ ಕಾಲೇಜುಗಳಿವೆ, ಚಿಕ್ಕಬಳ್ಳಾಪುರದಲ್ಲಿ ಎಸ್‌ಜೆಸಿ ತಾಂತ್ರಿಕ ಕಾಲೇಜು ಇದೆ. ಅಂತಿಮ ವರ್ಷದ ಯೋಜನಾ ಕಾರ್ಯಕ್ಕೆ ನಗರಸಭೆಯ ನಿಜವಾದ ಪ್ರಶ್ನೆಯೊಂದನ್ನು ಕೊಡಲು ಪ್ರಾಂಶುಪಾಲರಿಗೆ ಒಂದು ಪತ್ರ ಬರೆದರೆ ಸಾಕು. ಒಂದು ಎಚ್ಚರಿಕೆ: ವಿದ್ಯಾರ್ಥಿಗಳು ಮಾಡಿಕೊಟ್ಟ ಆ್ಯಪ್ ಅವರು ಪದವಿ ಮುಗಿಸಿ ಹೋದ ಮರುದಿನ ಅನಾಥವಾಗುತ್ತದೆ. ಅವರಿಂದ ಸಮೀಕ್ಷೆ, ನಕ್ಷೆ, ವಿಶ್ಲೇಷಣೆ ಮಾಡಿಸಿ. ದಿನನಿತ್ಯ ನಡೆಯಬೇಕಾದ ವ್ಯವಸ್ಥೆಯನ್ನು ಅವರ ಮೇಲೆ ನಿಲ್ಲಿಸಬೇಡಿ.

ಹಂತ 4: ಬೀದಿಗಿಳಿದು ನೋಡಿ, ಇಂದಿನ ಸ್ಥಿತಿಯನ್ನು ಬರೆದಿಡಿ

ಎಲ್ಲ ಹಂತಗಳಲ್ಲೂ ಇದೇ ಹೆಚ್ಚು ಸಮಯ ಬೇಡುವಂಥದ್ದು, ಮತ್ತು ಹೆಚ್ಚಿನವರು ದಾಟಿಹೋಗುವುದೂ ಇದನ್ನೇ. ಪ್ರಯೋಗಕ್ಕೆ ಮುಂಚಿನ ಸ್ಥಿತಿಯ ಅಳತೆಗೆ 'ಬೇಸ್‌ಲೈನ್' ಎನ್ನುತ್ತಾರೆ, ಕನ್ನಡದಲ್ಲಿ ಮೂಲ ಅಳತೆ ಎಂದರೆ ಸಾಕು. ಇದಿಲ್ಲದೆ ನಡೆದ ಪ್ರಯೋಗ ಗೆದ್ದಿತೇ ಸೋತಿತೇ ಎಂದು ಯಾರೂ ಹೇಳಲಾರರು. ಆಗ ತೀರ್ಪು ಕೊಡುವುದು ಉದ್ಘಾಟನೆಯ ಫೋಟೊ.

ನೀರಿನ ಹೊತ್ತಿನ ಉದಾಹರಣೆಯನ್ನೇ ಮುಂದುವರಿಸೋಣ. ಒಂದು ವಾರ್ಡಿನ ಎರಡು ಬೀದಿಗಳನ್ನು ಆರಿಸಿಕೊಂಡು, ತಂಡದ ಒಬ್ಬರು ವಾಲ್ವ್‌ಮನ್ ಜೊತೆಯಲ್ಲೇ ಬೆಳಗಿನ ಜಾವದಿಂದ ಓಡಾಡಬೇಕು. ಯಾವ ವಾಲ್ವ್ ಎಷ್ಟು ಹೊತ್ತಿಗೆ ತೆರೆಯಿತು, ಕೊನೆಯ ಮನೆಗೆ ನೀರು ತಲುಪಲು ಎಷ್ಟು ನಿಮಿಷ ಹಿಡಿಯಿತು, ಯಾವ ಮನೆಯವರು ಮೋಟಾರು ಹಚ್ಚಿ ಎಳೆದರು, ವಿದ್ಯುತ್ ಹೋಗಿ ಪಂಪು ನಿಂತದ್ದು ಎಷ್ಟು ಸಲ, ಇವೆಲ್ಲವನ್ನೂ ಕನಿಷ್ಠ ಮೂರು ಸರದಿಗಳಲ್ಲಿ ಬರೆಯಬೇಕು. ಆಮೇಲೆ ಆ ಎರಡು ಬೀದಿಗಳ ಇಪ್ಪತ್ತು ಮನೆಗಳಿಗೆ ಹೋಗಿ, ಕಳೆದ ಸರದಿ ಯಾವಾಗ ಬಂತು, ಅದನ್ನು ತಿಳಿದದ್ದು ಹೇಗೆ, ಕಾಯುವುದಕ್ಕಾಗಿ ಯಾರು ಕೆಲಸ ಬಿಟ್ಟು ಮನೆಯಲ್ಲಿ ಉಳಿದರು ಎಂದು ಕೇಳಬೇಕು. ಕಚೇರಿಯ ದೂರು ವಹಿಯಲ್ಲಿ 'ನೀರು ಬಂದಿಲ್ಲ' ಎಂದು ದಾಖಲಾದ ಎಷ್ಟೋ ದೂರುಗಳ ಹಿಂದೆ 'ನೀರು ಬಂದದ್ದು ಗೊತ್ತಾಗಲಿಲ್ಲ' ಎಂಬ ಸಂಗತಿ ಇರಬಹುದು, ಮತ್ತು ಈ ಎರಡಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಕೊಳವೆ ಬೇಕು, ಎರಡನೆಯದಕ್ಕೆ ಒಂದು ಸಂದೇಶ ಸಾಕು.

ಕೇಳುವಾಗ ಗಮನವಿರಲಿ: ಅಧಿಕಾರಿಯ ಮುಂದೆ ವಾಲ್ವ್‌ಮನ್ ಸರಿಯಾದ ಉತ್ತರ ಕೊಡುತ್ತಾರೆ, ಜೊತೆಯಲ್ಲಿ ನಡೆದವರಿಗೆ ನಿಜವಾದ ಉತ್ತರ ಕೊಡುತ್ತಾರೆ. ಹೆಚ್ಚು ನೀರಿಗಾಗಿ ಅವರ ಮೇಲೆ ಯಾರ ಒತ್ತಡ ಬರುತ್ತದೆ ಎಂಬುದು ಯಾವ ವಹಿಯಲ್ಲೂ ಇರುವುದಿಲ್ಲ. ಈ ಭೇಟಿಗಳಲ್ಲಿ ಹೊರಬಿದ್ದ ಲೋಪಕ್ಕಾಗಿ ಯಾರಿಗೂ ಕಾರಣ ಕೇಳಿ ನೋಟಿಸ್ ಕೊಡುವುದಿಲ್ಲವೆಂದು ಆಯುಕ್ತರು ಮೊದಲೇ ಹೇಳಿರಬೇಕು. ಒಂದೇ ಒಂದು ನೋಟಿಸ್ ಹೋದರೂ ಆಮೇಲೆ ಬರುವ ಅಂಕಿ ಅಂಶಗಳೆಲ್ಲ ಕಾಗದದ ಮೇಲಿನವೇ ಆಗುತ್ತವೆ.

ಕಚೇರಿಯಲ್ಲಿ ಈಗಾಗಲೇ ಇರುವ ದತ್ತಾಂಶವನ್ನೂ ತೆಗೆಯಿರಿ. ಆಸ್ತಿ ತೆರಿಗೆಯ ಗಣಕೀಕೃತ ದಾಖಲೆ, ದೂರುಗಳಿಗಾಗಿ ಪೌರಾಡಳಿತ ನಿರ್ದೇಶನಾಲಯ ರೂಪಿಸಿರುವ 'ಜನಹಿತ' ವ್ಯವಸ್ಥೆ, ಸಕಾಲ ಅರ್ಜಿಗಳ ಅಂಕಿಗಳು ನಿಮ್ಮಲ್ಲೇ ಇವೆ. 2011ರ ಸಕಾಲ ಕಾಯ್ದೆಯಡಿ ಪ್ರತಿ ಸೇವೆಗೂ ದಿನಗಳ ಗಡುವು ನಿಗದಿಯಾಗಿರುವುದರಿಂದ ವಿಳಂಬ ಎಲ್ಲಿ ಗಟ್ಟಿಯಾಗಿದೆ ಎಂಬುದನ್ನು ಅದರಲ್ಲೇ ಕಾಣಬಹುದು. ಆದರೆ ಗಡುವಿನ ಹಿಂದಿನ ದಿನ ಚಿಕ್ಕ ಕಾರಣಕ್ಕೆ ತಿರಸ್ಕೃತವಾದ ಅರ್ಜಿಯೂ 'ಗಡುವಿನೊಳಗೆ ವಿಲೇವಾರಿ' ಎಂದೇ ಲೆಕ್ಕಕ್ಕೆ ಸೇರುತ್ತದೆ. ತಿರಸ್ಕೃತ ಅರ್ಜಿಗಳನ್ನು ಪ್ರತ್ಯೇಕವಾಗಿ ಎಣಿಸಿ. ಮನೆ ಸಂಖ್ಯೆ, ಫೋನ್ ಸಂಖ್ಯೆ ಇರುವ ಪಟ್ಟಿಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ.

ಹಂತ 5: ಹಣ ಮತ್ತು ಖರೀದಿಯ ದಾರಿಯನ್ನು ಮೊದಲೇ ಸರಿಮಾಡಿಕೊಳ್ಳಿ

ಪ್ರಯೋಗಗಳು ಸಾಯುವುದು ಬಹುಪಾಲು ಇಲ್ಲಿ. ನಗರಸಭೆಯ ಹಣವೆಲ್ಲ ಒಂದೇ ಬಗೆಯದಲ್ಲ. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ನಮ್ಮಂಥ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದದ್ದು, ಶೇ 40 ಮಾತ್ರ ಮುಕ್ತ. ರಾಜ್ಯ ಹಣಕಾಸು ಆಯೋಗದ, ಅಂದರೆ ಕಚೇರಿಯ ಮಾತಿನ 'ಎಸ್‌ಎಫ್‌ಸಿ' ಹಣಕ್ಕೆ ಕ್ರಿಯಾಯೋಜನೆ ಸಿದ್ಧಪಡಿಸಿ ಅನುಮೋದನೆ ಪಡೆಯಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ತೆಗೆದಿರಿಸುವ ಹಣವನ್ನು ಪ್ರಯೋಗದ ಹೆಸರಿನಲ್ಲಿ ಮುಟ್ಟುವುದು ಆಕ್ಷೇಪಣೆಗೂ ಅನ್ಯಾಯಕ್ಕೂ ದಾರಿ.

ಹಾಗಾಗಿ ಮೊದಲ ಪ್ರಯೋಗಕ್ಕೆ ಆಸ್ತಿ ತೆರಿಗೆ, ಪರವಾನಗಿ ಶುಲ್ಕ, ಮಳಿಗೆ ಬಾಡಿಗೆಗಳಿಂದ ಬರುವ ಸ್ವಂತ ನಿಧಿಯನ್ನೇ ನೆಚ್ಚಿಕೊಳ್ಳಿ. ಆಯವ್ಯಯದಲ್ಲಿ 'ಸೇವಾ ಸುಧಾರಣಾ ಪ್ರಯೋಗಗಳು' ಎಂಬಂಥ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಸಿ, ಮೊತ್ತ ಚಿಕ್ಕದಾದರೂ ಪರವಾಗಿಲ್ಲ. ಶೀರ್ಷಿಕೆ ಒಮ್ಮೆ ಅಚ್ಚಾದರೆ ಮುಂದಿನ ವರ್ಷ ಅದನ್ನು ತೆಗೆದುಹಾಕಲು ಯಾರಾದರೂ ಕಾರಣ ಕೊಡಬೇಕಾಗುತ್ತದೆ. ಬಜೆಟ್‌ಗೆ ಮುಂಚೆ ನಡೆಯುವ ಸಾರ್ವಜನಿಕ ಪೂರ್ವಭಾವಿ ಸಭೆಗಳಲ್ಲಿ ನಾಗರಿಕರೂ ಇದನ್ನು ಬರವಣಿಗೆಯಲ್ಲಿ ಕೇಳಬಹುದು. ಅಲ್ಲಿ ರಸ್ತೆ ಮತ್ತು ಚರಂಡಿಯ ಬೇಡಿಕೆಗಳ ನಡುವೆ ಇಂಥ ಮಾತು ಬಂದರೆ ಒಂದು ಕ್ಷಣ ಮೌನ ಆವರಿಸುತ್ತದೆ, ಅದಕ್ಕೆ ಅಂಜಬೇಕಿಲ್ಲ.

ಖರೀದಿಗೆ ಕೆಟಿಪಿಪಿ ಕಾಯ್ದೆ 1999 ಅನ್ವಯಿಸುತ್ತದೆ. ಸರ್ಕಾರಿ ಸಂಸ್ಥೆಗಳು ಸರಕು, ಸೇವೆ, ಕಾಮಗಾರಿಗಳನ್ನು ಪಾರದರ್ಶಕ ಟೆಂಡರ್ ಮೂಲಕವೇ ಪಡೆಯಬೇಕೆಂಬುದು ಅದರ ಸಾರ. ನಿಗದಿತ ಮಿತಿಯೊಳಗಿನ ಸಣ್ಣ ಖರೀದಿಗೆ ಟೆಂಡರ್‌ನಿಂದ ವಿನಾಯಿತಿ ಇದೆ. ಮಿತಿಯನ್ನು ಸರ್ಕಾರ ಪರಿಷ್ಕರಿಸುತ್ತಿರುವುದರಿಂದ ಚಾಲ್ತಿಯಲ್ಲಿರುವ ಮೊತ್ತವನ್ನು ಲೆಕ್ಕ ಶಾಖೆಯಿಂದ ಲಿಖಿತವಾಗಿ ಪಡೆದುಕೊಳ್ಳಿ. ಎರಡು ತಪ್ಪುಗಳನ್ನು ಮಾಡಬೇಡಿ. ಮಿತಿಯೊಳಗೆ ತರಲು ಒಂದೇ ಖರೀದಿಯನ್ನು ಮೂರು ತುಂಡು ಮಾಡಬೇಡಿ; ಲೆಕ್ಕಪರಿಶೋಧಕರು ಮೊದಲು ಹುಡುಕುವುದೇ ಅದನ್ನು. ಇನ್ನೊಂದು, '4(ಜಿ) ಅಡಿ ಮಾಡಿಸಿಕೊಳ್ಳಬಹುದು', ಅಂದರೆ ಅದೇ ಕಾಯ್ದೆಯ ಆ ಸೆಕ್ಷನ್‌ನಂತೆ ಟೆಂಡರ್ ಇಲ್ಲದೆ ಪಡೆಯಬಹುದು, ಎಂಬ ಸಲಹೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ವಿನಾಯಿತಿಯನ್ನು ಕೊಡುವ ಅಧಿಕಾರ ಸರ್ಕಾರದ್ದು, ಅದೂ ಅಧಿಸೂಚನೆಯ ಮೂಲಕ. ಸಣ್ಣ ಪ್ರಯೋಗಕ್ಕೆ ಅದು ದಾರಿಯೇ ಅಲ್ಲ.

ಯಾವುದೇ ಕಂಪನಿ 'ಉಚಿತವಾಗಿ ಮಾಡಿಕೊಡುತ್ತೇವೆ' ಎಂದು ಬಂದರೆ ದತ್ತಾಂಶದ ಒಡೆತನ ಯಾರದು, ಅವಧಿ ಮುಗಿದ ಮೇಲೆ ಶುಲ್ಕ ಎಷ್ಟು, ವ್ಯವಸ್ಥೆಯನ್ನು ಬೇರೆಯವರಿಗೆ ವರ್ಗಾಯಿಸಿಕೊಡುವರೇ ಎಂಬ ಮೂರಕ್ಕೂ ಸಹಿ ಮಾಡಿದ ಉತ್ತರ ಪಡೆಯದೆ ಒಳಗೆ ಬಿಟ್ಟುಕೊಳ್ಳಬೇಡಿ. ಪುಕ್ಕಟೆ ಸಿಕ್ಕಿದ್ದಕ್ಕೆ ಎರಡನೆಯ ವರ್ಷ ಬಿಲ್ಲು ಬರುತ್ತದೆ.

ಹಂತ 6: ಚಿಕ್ಕದಾಗಿ ನಡೆಸಿ

ಪ್ರಾಯೋಗಿಕ ಹಂತಕ್ಕೆ, ಅಂದರೆ 'ಪೈಲಟ್'ಗೆ, ಆರಂಭದ ದಿನಾಂಕದಂತೆ ಮುಕ್ತಾಯದ ದಿನಾಂಕವೂ ಮೊದಲೇ ಗೊತ್ತಿರಬೇಕು. ಎರಡು ಬೀದಿಯಲ್ಲಿ ನೀರಿನ ಹೊತ್ತನ್ನು ಹಿಂದಿನ ಸಂಜೆಯೇ ಸಂದೇಶದಲ್ಲಿ ತಿಳಿಸಿ, ಅಂಥದ್ದೇ ಇನ್ನೆರಡು ಬೀದಿಗಳನ್ನು ಹೋಲಿಕೆಗಾಗಿ ಹಾಗೆಯೇ ಬಿಡಿ. ಫೋನ್ ಇಲ್ಲದ ಮನೆಗಳಿಗೆ ಅಂಗಡಿಯ ಬಳಿಯ ಕಪ್ಪು ಹಲಗೆ ಸಾಕಾಗುತ್ತದೆಯೇ ಎಂಬುದನ್ನೂ ಜೊತೆಗೇ ಪರೀಕ್ಷಿಸಿ.

ಜಾಗ ಆರಿಸುವಾಗ ಎಲ್ಲರೂ ಸುಲಭದ ಬಡಾವಣೆಯತ್ತ ವಾಲುತ್ತಾರೆ, ಏಕೆಂದರೆ ಅಲ್ಲಿ ಗೆಲುವು ಖಚಿತ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯಲ್ಲಿ ವಿಶ್ವಬ್ಯಾಂಕ್ ನೆರವಿನಿಂದ 24 ಗಂಟೆ ನೀರು ಕೊಡುವ ವ್ಯವಸ್ಥೆಯನ್ನು ಮೊದಲಿಗೆ ಆಯ್ದ ಪ್ರಾತ್ಯಕ್ಷಿಕೆ ವಲಯಗಳಲ್ಲಷ್ಟೇ ಜಾರಿಗೊಳಿಸಿದರು. 2008ರ ಹೊತ್ತಿಗೆ ಆ ವಲಯಗಳಲ್ಲಿ ನಿರಂತರ ನೀರು ಹರಿಯಿತು; ಇಡೀ ನಗರಕ್ಕೆ ಅದನ್ನು ಹಬ್ಬಿಸುವ ಕೆಲಸ ಮಾತ್ರ ವರ್ಷಗಟ್ಟಲೆ ಎಳೆಯಿತು. ಆದ್ದರಿಂದ ಒಂದು ಅನುಕೂಲದ ಬೀದಿಯ ಜೊತೆಗೆ ಒಂದು ಕಷ್ಟದ ಬೀದಿಯನ್ನೂ, ಕೊಳವೆಯ ಕೊನೆಯಲ್ಲಿರುವುದನ್ನು, ಸೇರಿಸಿಕೊಳ್ಳಿ. ಈ ಭಾಗದವರಿಗೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳ ನೆನಪಾಗಬಹುದು: 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಅಳವಡಿಸಿ, ಆ ಬಳಿಕವೇ ಗ್ವಾಲಿಯರ್ ಮತ್ತು ಕೃಷ್ಣರಾಜಸಾಗರದ ಅಣೆಕಟ್ಟೆಗಳಿಗೆ ಅದೇ ವಿಧಾನ ಬಂತು.

ಉದ್ಘಾಟನಾ ಸಮಾರಂಭ ಮಾಡಬೇಡಿ. ರಿಬ್ಬನ್ ಕತ್ತರಿಸಿದ ಕೆಲಸವನ್ನು 'ವಿಫಲವಾಯಿತು' ಎಂದು ಮುಚ್ಚುವ ಧೈರ್ಯ ಯಾರಿಗೂ ಇರುವುದಿಲ್ಲ.

ಹಂತ 7: ಅಳೆದು ತೀರ್ಮಾನಿಸಿ

ಮೂಲ ಅಳತೆಯನ್ನು ತೆಗೆದ ಕ್ರಮದಲ್ಲೇ ಮತ್ತೆ ಅಳೆಯಿರಿ ಮತ್ತು ಎರಡು ಪುಟದ ವರದಿ ಬರೆಯಿರಿ. ಮುಂದುವರಿಸುವುದು, ತಿದ್ದಿ ಮತ್ತೊಮ್ಮೆ ನೋಡುವುದು, ಕೈಬಿಡುವುದು, ಈ ಮೂರರಲ್ಲಿ ಒಂದನ್ನು ಸಭೆ ಆರಿಸಬೇಕು. ಕೈಬಿಟ್ಟದ್ದಾದರೆ ಕಾರಣವನ್ನು ನಡಾವಳಿಯಲ್ಲಿ ಬರೆಸುವುದು ಮುಖ್ಯ, ಇಲ್ಲವಾದರೆ ಮೂರು ವರ್ಷ ಬಿಟ್ಟು ಅದೇ ಪ್ರಸ್ತಾವ ಹೊಸ ಹೆಸರಿನಲ್ಲಿ ಬರುತ್ತದೆ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 4 ಸ್ವಯಂಪ್ರೇರಿತ ಪ್ರಕಟಣೆಯನ್ನು ಅಪೇಕ್ಷಿಸುವುದರಿಂದ ವರದಿಯನ್ನು ನಗರಸಭೆಯ ಜಾಲತಾಣದಲ್ಲಿ ಕನ್ನಡದಲ್ಲೇ ಹಾಕಿ.

ಹಂತ 8: ವರ್ಗಾವಣೆಗೆ ಮುಂಚೆಯೇ ಗಟ್ಟಿ ಮಾಡಿ

ಇಲ್ಲಿಯವರೆಗಿನ ಶ್ರಮ ಉಳಿಯುವುದು ಈ ಹಂತದಿಂದ. ಸೂರತ್ ನಗರ 1994ರ ಪ್ಲೇಗ್ ನಂತರ ಬದಲಾದ ಬಗೆಯನ್ನು ನೋಡಿ. 1995ರಲ್ಲಿ ಆಯುಕ್ತರಾದ ಎಸ್.ಆರ್. ರಾವ್ ಅವರು ನಗರವನ್ನು ಆರು ವಲಯಗಳಾಗಿ ಮಾಡಿ, ವಲಯಾಧಿಕಾರಿಗಳಿಗೆ ಹಣ ಮತ್ತು ಆಡಳಿತದ ಅಧಿಕಾರವನ್ನು ಹಂಚಿ, ಅಧಿಕಾರಿಗಳೆಲ್ಲ ಪ್ರತಿದಿನ ಬೀದಿಗಿಳಿಯುವುದನ್ನು ಕಡ್ಡಾಯ ಮಾಡಿದರು. ಪೊರಕೆ ಹಿಡಿದ ಆಯುಕ್ತರನ್ನು ಎಲ್ಲ ಊರುಗಳೂ ಕಂಡಿವೆ. ನನ್ನ ದೃಷ್ಟಿಯಲ್ಲಿ ಸೂರತ್‌ನಿಂದ ಕಲಿಯಬೇಕಾದ್ದು ಆ ಅಧಿಕಾರ ಹಂಚಿಕೆಯನ್ನು.

ನಿಮ್ಮ ಪ್ರಯೋಗ ಫಲಿಸಿದರೆ ಐದು ಕಾಗದಗಳು ಸಿದ್ಧವಾಗಬೇಕು: ವಿಸ್ತರಣೆಗೆ ಸಾಮಾನ್ಯ ಸಭೆಯ ನಿರ್ಣಯ, ಯಾವ ಹುದ್ದೆಯವರು ಏನು ಮಾಡಬೇಕೆಂಬ ಕಚೇರಿ ಆದೇಶ, ವಾಲ್ವ್‌ಮನ್‌ಗೂ ಅರ್ಥವಾಗುವ ಒಂದು ಪುಟದ ಕಾರ್ಯವಿಧಾನ, ಆಯವ್ಯಯದಲ್ಲಿ ನಿರ್ವಹಣಾ ವೆಚ್ಚ, ಮತ್ತು ಹಸ್ತಾಂತರ ಟಿಪ್ಪಣಿ. ಕೊನೆಯದನ್ನು ಯಾರೂ ಬರೆಯುವುದಿಲ್ಲ. ವರ್ಗಾವಣೆ ಆದೇಶ ಬಂದ ದಿನ ಬರೆಯಲು ಪುರುಸೊತ್ತೂ ಇರುವುದಿಲ್ಲ, ಆದ್ದರಿಂದ ಪ್ರತಿ ಮೂರು ತಿಂಗಳಿಗೊಮ್ಮೆ ತಂಡವೇ ಅದನ್ನು ತಿದ್ದಿ ಕಡತದ ಮೇಲ್ಭಾಗದಲ್ಲಿ ಇಡಲಿ. ಪಾಸ್‌ವರ್ಡ್‌ಗಳು, ಗುತ್ತಿಗೆಯ ಮುಕ್ತಾಯ ದಿನಾಂಕಗಳು, ಬಾಕಿ ಬಿಲ್ಲುಗಳು ಅದರಲ್ಲಿರಲಿ. ಸಂದೇಶ ಕಳುಹಿಸುವ ಸಿಮ್ ಕಾರ್ಡ್ ಒಬ್ಬ ಸಿಬ್ಬಂದಿಯ ಸ್ವಂತ ಹೆಸರಿನಲ್ಲಿದೆ ಎಂಬುದು ಅವರು ಬೇರೆ ಊರಿಗೆ ಹೋದ ಮೇಲೆ ಬೆಳಕಿಗೆ ಬರುವುದು ಅಪರೂಪವಲ್ಲ.

ಹೊಸ ಸಿಬ್ಬಂದಿಗೆ ತರಬೇತಿ ಬೇಕಾದಾಗ ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆಗೆ ಬರೆಯಬಹುದು. ಪಕ್ಕದ ಊರಿಗೆ ಒಂದು ದಿನದ ಭೇಟಿ ಇನ್ನೂ ಅಗ್ಗ: ಕೋಲಾರದ ಅಭಿಯಂತರರು ತುಮಕೂರಿನ ವಾಲ್ವ್‌ಮನ್ ಜೊತೆ ಒಂದು ಬೆಳಗು ಕಳೆಯಲು ಬಸ್ ಚಾರ್ಜಿಗಿಂತ ಹೆಚ್ಚೇನೂ ಖರ್ಚಿಲ್ಲ.

ಕಾಲದ ಲೆಕ್ಕ ಹೀಗಿರಲಿ. ಜುಲೈನಲ್ಲಿ ತೊಂದರೆ ಆರಿಸಿ ಆದೇಶ ಹೊರಡಿಸಿದರೆ ಆಗಸ್ಟ್ ಮತ್ತು ಸೆಪ್ಟೆಂಬರ್ ಮೂಲ ಅಳತೆಗೆ, ಅಕ್ಟೋಬರ್‌ನಿಂದ ಡಿಸೆಂಬರ್ ಪ್ರಯೋಗಕ್ಕೆ ಸಿಗುತ್ತವೆ, ಮತ್ತು ವರದಿ ಜನವರಿಯ ಬಜೆಟ್ ಸಿದ್ಧತೆಗೆ ಸರಿಯಾಗಿ ಮೇಜಿಗೆ ಬರುತ್ತದೆ. ಜನವರಿಯಲ್ಲಿ ಶುರುಮಾಡಿದವರಿಗೆ ಮಾರ್ಚ್ ತಿಂಗಳ ಬಿಲ್ಲುಗಳ ರಾಶಿಯಲ್ಲಿ ಯಾರ ಗಮನವೂ ದೊರೆಯುವುದಿಲ್ಲ, ಅವರು ಏಪ್ರಿಲ್ ಕಳೆಯುವವರೆಗೆ ಕಾಯುವುದೇ ಒಳ್ಳೆಯದು.